ಹಸಿಗೆ ಹಸಿ ಸೇರುವ ಮೂಲೆ

ದೊಡ್ಡ ಮೇಸ್ತ್ರಿಗೆ ಊರಿನವರು ಇಟ್ಟ ಇನ್ನೊಂದು ಹೆಸರಿತ್ತು, ಟಕ್‌ಟಕ್ ಮೇಸ್ತ್ರಿ. ಎದುರಿಗೆ ನಿಂತು ಹಾಗೆ ಕರೆಯುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಬೆನ್ನ ಹಿಂದೆ ಹಾಗೆ ಕರೆಯದವರೂ ಇರಲಿಲ್ಲ. ಯಾರ ಮನೆಗೇ ಹೋಗಲಿ, ಮದುವೆಗೋ ಸಾವಿಗೋ, ಬರೀ ಕುಶಲ ವಿಚಾರಿಸುವುದಕ್ಕೋ, ಕುಳಿತು ಸ್ವಲ್ಪ ಹೊತ್ತಾಗುವುದರೊಳಗೆ ಅವನ ಬೆರಳಗೆಣ್ಣು ತಾನಾಗಿ ಪಕ್ಕದ ಗೋಡೆಯ ಮೇಲೆ ಹೋಗುತ್ತಿತ್ತು. ಗಾರೆ ಇಟ್ಟಿಗೆಯನ್ನು ಸರಿಯಾಗಿ ಕಚ್ಚಿಕೊಂಡಿದ್ದರೆ ಗೋಡೆ ಟಕ್ ಎನ್ನುತ್ತದೆ. ಒಳಗೊಳಗೇ ಬಿಟ್ಟುಕೊಂಡಿದ್ದರೆ ಡಬ್ ಎನ್ನುತ್ತದೆ. ಡಬ್ ಎಂದರೆ ಸಾಕು, ಅವನ ಮುಖ ಹುಳಿ ಕಚ್ಚಿದಂತಾಗುತ್ತಿತ್ತು. ಆಡುತ್ತಿದ್ದ ಮಾತು ಮರೆಯುತ್ತಿತ್ತು, ಕೊಟ್ಟ ಚಹಾ ಆರಿಹೋಗುತ್ತಿತ್ತು. “ಯಾರು ಮಾಡಿದ್ದು ಇದನ್ನ?” ಎಂದು ಕೇಳಿಯೇ ಕೇಳುತ್ತಿದ್ದ. ಒಮ್ಮೆ ನೆಂಟರ ಸಾವಿನ ಮನೆಯಲ್ಲಿ, ಎಲ್ಲರೂ ಅತ್ತು ಸುಸ್ತಾಗಿ ಒಂದು ಗಳಿಗೆ ಸುಮ್ಮನಾದಾಗ, ಹಿಂದಿನ ಸಾಲಿನಿಂದ ಟಕ್ ಟಕ್ ಡಬ್ ಎಂದು ಕೇಳಿಬಂತು. ಅವನ ಹೆಂಡತಿ ತೊಡೆ ಚಿವುಟಿದ ಗುರುತು ವಾರವಾದರೂ ಹೋಗಲಿಲ್ಲ.

ಅಂಥವನು ಕ್ರೈಸ್ತನಾಗುತ್ತಾನಂತೆ ಎಂಬ ಸುದ್ದಿ ಹಬ್ಬಿದಾಗ ಹಿಟ್ಟಿನ ಗಿರಣಿಯ ಯಜಮಾನ, “ಹಾಗಾದ್ರೆ ಸ್ವರ್ಗಕ್ಕೂ ಕಷ್ಟ ಬಂತು ಅನ್ನಿ. ಹೋದ ದಿನವೇ ಗೋಡೆ ತಟ್ಟಿ ನೋಡ್ತಾನೆ,” ಎಂದ. ಗಿರಣಿಯ ಮುಂದೆ ಚೀಲ ಹಿಡಿದು ನಿಂತವರೆಲ್ಲ ನಕ್ಕರು. ಮಾತು ಸಂಜೆಯೊಳಗೆ ಮೇಸ್ತ್ರಿಯ ಕಿವಿಗೂ ಬಿತ್ತು. ಅವನಿಗೆ ಸಿಟ್ಟು ಬರಲಿಲ್ಲ. ತಟ್ಟಿ ನೋಡಿದರೆ ತಪ್ಪೇನು ಎಂದು ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

ಅವನ ಹೆಂಡತಿ ಎಷ್ಟೋ ವರ್ಷಗಳ ಹಿಂದೆಯೇ ಊರಾಚೆಯ ಕೆರೆಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದವಳು. ಪ್ರತಿ ಭಾನುವಾರ ಅವಳನ್ನು ಪ್ರಾರ್ಥನೆಮನೆಯವರೆಗೆ ಬಿಟ್ಟು ಅವನು ಹೊರಗೆ ಮರದ ಕೆಳಗೆ ಕೂರುತ್ತಿದ್ದ. ದಾರಿಯಲ್ಲಿ ನಾಯಿಗಳ ಕಾಟ, ಅದಕ್ಕೆ. ಒಂದು ಸಲ ಅಲ್ಲಿಯ ಮೆಟ್ಟಿಲು ಬಿರುಕು ಬಿಟ್ಟಿದೆ ಎಂದು ಕರೆದರು. ಕೆಲಸದ ದಿನ ಹೋದಾಗ ಒಳಗೆ ಪಾಸ್ಟರೊಬ್ಬರೇ ಕಸ ಗುಡಿಸುತ್ತಿದ್ದರು. ಪೊರಕೆ ಬದಿಗಿಟ್ಟು ಬಂದು ಅವನಿಗೆ ನೀರಿನ ಬಕೆಟ್ಟು ಹಿಡಿದರು, ಮರಳು ಜರಡಿ ಹಿಡಿದರು, ಕೆಲಸ ಮುಗಿಯುವವರೆಗೂ ದೇವರ ಸುದ್ದಿಯನ್ನೇ ಎತ್ತಲಿಲ್ಲ. ಅದು ಮೇಸ್ತ್ರಿಗೆ ಹಿಡಿಸಿತು. ಮುಂದಿನ ಭಾನುವಾರ ಮರದ ಕೆಳಗಿನಿಂದ ಎದ್ದು ಒಳಗೆ ಹೋಗಿ ಕೊನೆಯ ಬೆಂಚಿನಲ್ಲಿ, ಗೋಡೆಗೆ ಒರಗಿ ಕೂತ.

ಹಾಗೆ ಕೂತು ಕೂತು ಒಂದು ದಿನ ಒಂದು ಮಾತು ಅವನೊಳಗೆ ಇಳಿಯಿತು. ನಮ್ಮೊಳಗೆ ಎಲ್ಲೆಲ್ಲಿ ಪೊಳ್ಳಿದೆಯೋ ಅದೆಲ್ಲ ಗೊತ್ತಿದ್ದೂ ನಮ್ಮನ್ನು ಬಿಸಾಡದ ಒಬ್ಬನಿದ್ದಾನೆ ಎಂದು ಪಾಸ್ಟರು ಯಾವುದೋ ಸಂದರ್ಭಕ್ಕೆ ಹೇಳಿದ್ದರು. ಉಳಿದವರು ಅದನ್ನು ಎಂದಿನಂತೆ ಕೇಳಿ ಎದ್ದುಹೋದರು. ಮೇಸ್ತ್ರಿ ಮಾತ್ರ ಬೆಂಚಿನಲ್ಲೇ ಉಳಿದ. ಪೊಳ್ಳು ಎಂದರೆ ಏನೆಂದು ಆ ಸಭೆಯಲ್ಲಿ ಅವನಷ್ಟು ತಿಳಿದವರು ಯಾರಿದ್ದರು? ತನ್ನನ್ನು ತಟ್ಟಿದರೆ ಎಲ್ಲೆಲ್ಲಿ ಡಬ್ ಎನ್ನುತ್ತದೆ ಎನ್ನುವುದೂ ಅವನಿಗೆ ಗೊತ್ತಿತ್ತು. ಹೀಗಿದ್ದೂ ಒಡೆದುಹಾಕಲು ಸುತ್ತಿಗೆ ಎತ್ತದವನು ಎಂಥ ಮೇಸ್ತ್ರಿ ಎಂದು ಅವನಿಗೆ ಬೆರಗಾಯಿತು. ಮನೆಗೆ ಬಂದು ಹೆಂಡತಿಗೆ, “ನಾನೂ ಮುಳುಗ್ತೀನಿ ಕಣೇ,” ಎಂದ. ಅವಳು ಒಲೆಯ ಮುಂದೆ ಕೂತವಳು ತಿರುಗಿ ನೋಡದೆ, “ಇಷ್ಟು ವರ್ಷ ದಡದಲ್ಲಿ ಕೂತಿದ್ದು ಸಾಕಾಯ್ತಾ,” ಎಂದಳು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿದ್ದು ಹೊಗೆಗೋ ಏನೋ.

ಆದರೆ ಕೆರೆ ಈಗ ಮೊದಲಿನ ಕೆರೆಯಾಗಿರಲಿಲ್ಲ. ಜೊಂಡು ಬೆಳೆದು, ಕಾಲಿಟ್ಟರೆ ಮೊಣಕಾಲಿನವರೆಗೆ ಕೆಸರು. ಪ್ರಾರ್ಥನೆಮನೆಯ ಹಿಂದೆಯೇ ಒಂದು ತೊಟ್ಟಿ ಕಟ್ಟಿಸಿಕೊಳ್ಳೋಣ ಎಂದು ಸಭೆಯವರು ಮಾತಾಡಿಕೊಂಡರು. ಅರ್ಧ ನೆಲದೊಳಗೆ, ಅರ್ಧ ಮೇಲೆ, ಇಳಿಯಲು ಮೆಟ್ಟಿಲು, ಎದೆಯುದ್ದ ನೀರು. ಮೇಸ್ತ್ರಿ ಎದ್ದು ನಿಂತು, “ಅದು ನನ್ನ ಕೆಲಸ. ಬೇರೆಯವರು ಕೈ ಹಾಕಬಾರದು. ಕಟ್ಟಿ, ಅದರಲ್ಲಿ ಮೊದಲು ನಾನೇ ಇಳೀತೀನಿ,” ಎಂದ. ಎಲ್ಲರಿಗೂ ಸಂತೋಷವಾಯಿತು.

ದೀಕ್ಷಾಸ್ನಾನಕ್ಕೆ ಮುಂಚೆ ಪಾಠಗಳಿದ್ದವು. ಸಂಜೆ ಕೈಕಾಲು ತೊಳೆದು ಪಾಸ್ಟರ ಮನೆಯ ಜಗಲಿಗೆ ಹೋಗಿ ಕೂರುತ್ತಿದ್ದ. ಓದು ಅಷ್ಟಕ್ಕಷ್ಟೇ, ಆದರೆ ಒಂದು ಸಲ ಕೇಳಿದರೆ ಮರೆಯುವವನಲ್ಲ. ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಹೇಳುತ್ತಿದ್ದ, ಹೇಳಿ ಸರಿಯೇ ಎಂದು ಹುಬ್ಬೇರಿಸುತ್ತಿದ್ದ. ಪಾಠ ಮುಗಿಯುತ್ತ ಬಂದ ಒಂದು ಸಂಜೆ ಪಾಸ್ಟರು ಪುಸ್ತಕ ಮುಚ್ಚಿ, ಚಹಾ ಲೋಟ ಅವನ ಕಡೆ ಸರಿಸಿ ಕೇಳಿದರು.

“ಮೇಸ್ತ್ರೀ, ನಿಮ್ಮ ಜೊತೆ ಮಾತು ಬಿಟ್ಟೋರು ಯಾರಾದ್ರೂ ಇದ್ದಾರಾ?”

ಇದು ಪಾಠದಲ್ಲಿ ಇರಲಿಲ್ಲ. ಮೇಸ್ತ್ರಿ ಲೋಟದೊಳಗೆ ನೋಡಿದ.

“ಇದ್ದಾನೆ ಒಬ್ಬ. ನನ್ನ ತಮ್ಮ.”

“ಹೂಂ.”

“ಅದರಲ್ಲಿ ತಪ್ಪು ನನ್ನದಲ್ಲ, ಅಯ್ಯನೋರೇ.”

“ಯಾರ ತಪ್ಪು ಅಂತ ನಾನು ಕೇಳ್ಲಿಲ್ಲವಲ್ಲ,” ಎಂದರು ಪಾಸ್ಟರು. ಮೆತ್ತಗೇ ಅಂದರು. “ಇಳಿಯೋ ಮುಂಚೆ ಒಂದು ಸಲ ಹೋಗಿ ಬನ್ನಿ. ಅಷ್ಟೇ.”

ದಾರಿಯುದ್ದಕ್ಕೂ ಮೇಸ್ತ್ರಿ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದ. ಹೋಗಿ ಏನೆಂದು ಹೇಳುವುದು? ತಾನು ಸರಿಯಾಗಿದ್ದುದಕ್ಕೆ ಕ್ಷಮೆ ಕೇಳುವುದೇ?

ಆಗಿದ್ದು ಇಷ್ಟು. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮ ಇಬ್ಬರೂ ಒಟ್ಟಿಗೇ ಕೆಲಸಕ್ಕೆ ಹೋಗುತ್ತಿದ್ದರು. ಹಿಟ್ಟಿನ ಗಿರಣಿಯ ಹೊಸ ಗೋಡೆಗೆ ಗಾರೆ ಬಳಿಯುವಾಗ ಹಿಂದಿನ ಗೋಡೆಯನ್ನು ತಮ್ಮನಿಗೆ ಬಿಟ್ಟಿದ್ದ. ತಮ್ಮ ಇಟ್ಟಿಗೆಗೆ ಸಾಕಷ್ಟು ನೀರು ಕುಡಿಸದೆ ಗಾರೆ ಎಳೆದುಬಿಟ್ಟಿದ್ದ. ಯಜಮಾನ ನಾಲ್ಕು ಜನರನ್ನು ಕರೆದುಕೊಂಡು ಹೊಸ ಗಿರಣಿ ತೋರಿಸುತ್ತಿದ್ದ ಹೊತ್ತಿಗೇ ದೊಡ್ಡ ಮೇಸ್ತ್ರಿ ಗೋಡೆ ತಟ್ಟಿದ. ಡಬ್. ಇನ್ನೊಂದು ಕಡೆ ತಟ್ಟಿದ. ಡಬ್. ಏನೂ ಮಾತಾಡದೆ ಸುತ್ತಿಗೆ ತೆಗೆದುಕೊಂಡು, ಎಲ್ಲರ ಮುಂದೆ, ತಮ್ಮನ ಮುಂದೆ, ಹೊಸದಾಗಿ ಮದುವೆಯಾಗಿ ಬಂದ ತಮ್ಮನ ಹೆಂಡತಿ ಊಟದ ಬುತ್ತಿ ತಂದು ನಿಂತಿದ್ದವಳ ಮುಂದೆ, ಇಡೀ ಗೋಡೆಯ ಗಾರೆಯನ್ನು ಹಪ್ಪಳದಂತೆ ಉದುರಿಸಿದ. “ಇದು ಗಾರೆ ಅಲ್ಲ, ಗೋಡೆಗೆ ಬಳಿದ ಮುಖಪೌಡರು,” ಎಂದ. ಯಜಮಾನ ನಕ್ಕ. ತಮ್ಮ ಗಾರೆ ಬಳಿಯುವ ತನ್ನ ಕರಣೆಯನ್ನು ತೊಳೆದು, ಒರೆಸಿ, ಚೀಲಕ್ಕೆ ಹಾಕಿಕೊಂಡು ಹೋದ. ಮತ್ತೆ ಬರಲಿಲ್ಲ.

ಅವತ್ತಿನಿಂದ ಒಂದೇ ಊರಿನಲ್ಲಿ ಇಬ್ಬರು ಮೇಸ್ತ್ರಿಗಳಾದರು, ದೊಡ್ಡವನೊಬ್ಬ, ಚಿಕ್ಕವನೊಬ್ಬ. ದಾರಿಯಲ್ಲಿ ಎದುರಾದರೆ ಒಬ್ಬ ಮರ ನೋಡುತ್ತಿದ್ದ, ಒಬ್ಬ ಮೋಡ ನೋಡುತ್ತಿದ್ದ. ಅವ್ವ ಸತ್ತಾಗ ಇಬ್ಬರೂ ಹೆಗಲು ಕೊಟ್ಟರು. ಅಲ್ಲೂ, “ಸ್ವಲ್ಪ ಎಡಕ್ಕೆ,” ಎಂದು ದೊಡ್ಡವನು ಹೇಳಿದ್ದು ಮುಂದೆ ನಡೆಯುತ್ತಿದ್ದವನಿಗೆ, ತಮ್ಮನಿಗಲ್ಲ.

“ಗೋಡೆ ಪೊಳ್ಳಿತ್ತು,” ಎಂದ ಅವನು ಊಟಕ್ಕೆ ಕೂತಾಗ ಹೆಂಡತಿಗೆ. “ಪೊಳ್ಳನ್ನ ಗಟ್ಟಿ ಅಂತ ಹೇಗೆ ಹೇಳಲಿ?”

“ಹೇಳಿ ಅಂದವರು ಯಾರು?” ಎಂದಳು ಅವಳು. “ನಾನು ಮುಳುಗಿ ಎದ್ದ ದಿನ ನೆನಪಿದೆಯಾ? ಸಂಜೆಗೇ ನಲ್ಲಿ ಹತ್ತಿರ ಕೊಡಕ್ಕೋಸ್ಕರ ಪಕ್ಕದ ಮನೆಯವಳ ಜುಟ್ಟು ಹಿಡ್ಕೊಂಡು ಜಗಳ ಆಡಿದ್ದೆ. ಸರದಿ ನನ್ನದೇ ಇತ್ತು. ನ್ಯಾಯ ನನ್ನ ಕಡೇನೇ. ಮನೆಗೆ ಬಂದು ಬೆಳಗಿನ ಒದ್ದೆ ಸೀರೆ ಹಗ್ಗದ ಮೇಲೆ ಇನ್ನೂ ಒಣಗದೇ ಇದ್ದಿದ್ದು ನೋಡಿ ಎಷ್ಟು ಅತ್ತೆ ಅಂತೀರಾ.”

“ಆಮೇಲೆ?”

“ಆಮೇಲೇನು? ಒಂದು ಕೊಡ ನೀರು ತಗೊಂಡು ಅವಳ ಮನೆಗೆ ಹೋದೆ. ಬೈದಳು. ನೀರು ಮಾತ್ರ ಇಳಿಸ್ಕೊಂಡಳು.”

ಮೇಸ್ತ್ರಿ ಉಂಡು ಕೈತೊಳೆದ. ತೊಟ್ಟಿಯ ಕೆಲಸ ಮೊದಲು ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡ. ತೊಟ್ಟಿ ಚೆನ್ನಾಗಿ ಬಂದರೆ, ಅಷ್ಟು ಚೆನ್ನಾಗಿ ಬಂದರೆ, ಉಳಿದದ್ದನ್ನು ದೇವರು ಹೊಂದಿಸಿಕೊಂಡಾನು ಎಂದು ಒಳಗೆಲ್ಲೋ ಒಂದು ಲೆಕ್ಕಾಚಾರ ಇತ್ತು.

ಅಡಿಪಾಯ, ಇಟ್ಟಿಗೆ, ಮೆಟ್ಟಿಲು ಎಲ್ಲ ಎಳೆದ ಗೆರೆಯ ಹಾಗೆ ಬಂದವು. ಕಷ್ಟ ಇದ್ದುದು ಒಳಗಿನ ಗಾರೆಯಲ್ಲಿ. ನೀರು ನಿಲ್ಲುವ ತೊಟ್ಟಿಗೆ ಗಾರೆ ಬಳಿಯುವುದಕ್ಕೆ ಅವರ ಅಪ್ಪ ಕಲಿಸಿದ ಪದ್ಧತಿಯೊಂದಿತ್ತು. ಮನೆಯ ಗೋಡೆಯಾದರೆ ಇವತ್ತು ಒಂದು, ನಾಳೆ ಒಂದು ಬಳಿದರೂ ನಡೆಯುತ್ತದೆ. ತೊಟ್ಟಿಗೆ ಹಾಗಲ್ಲ. ಒಣಗಿದ ಗಾರೆಗೆ ಹಸಿ ಗಾರೆ ತಂದು ಸೇರಿಸಿದರೆ ಕಣ್ಣಿಗೆ ಒಂದೇ ಕಾಣುತ್ತದೆ. ನೀರಿಗೆ ಮಾತ್ರ ಆ ಸಂದು ಗೊತ್ತಾಗುತ್ತದೆ. ಅದಕ್ಕೆ ಇಬ್ಬರು ಬೇಕು. ಒಂದೇ ಮೂಲೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಶುರುಮಾಡಿ, ಒಬ್ಬ ಎಡಕ್ಕೆ ಒಬ್ಬ ಬಲಕ್ಕೆ ಬಳಿಯುತ್ತ ಹೋಗಿ, ಎದುರಿನ ಮೂಲೆಯಲ್ಲಿ ಸಂಧಿಸಬೇಕು. ಹಸಿಗೆ ಹಸಿ ಸೇರಬೇಕು. ಅಣ್ಣತಮ್ಮ ಚಿಕ್ಕವರಿದ್ದಾಗಿನಿಂದ ಎಷ್ಟು ತೊಟ್ಟಿ ಹೀಗೆ ಬಳಿದಿದ್ದರೋ. ಕೊನೆಯ ಮೂಲೆಯಲ್ಲಿ ಇಬ್ಬರ ಕರಣೆ ಒಂದಕ್ಕೊಂದು ತಾಗಿ ಕಿಣ್ ಎಂದರೆ ಅಪ್ಪ ದಡದಲ್ಲಿ ಕೂತು, “ಹಾಂ, ಮದುವೆ ಆಯ್ತು,” ಎನ್ನುತ್ತಿದ್ದ.

ಊರಿನಲ್ಲಿ ಆ ಪದ್ಧತಿ ಬಲ್ಲವನು ಇನ್ನೊಬ್ಬನೇ ಇದ್ದ. ಅವನನ್ನು ಕರೆಯುವ ಮಾತೇ ಇರಲಿಲ್ಲ. ಒಬ್ಬನೇ ಮಾಡಿದರಾಯಿತು, ಕೈ ಬೇಗ ಓಡಿಸಿದರಾಯಿತು ಎಂದು ಮೇಸ್ತ್ರಿ ಬೆಳಕು ಹರಿಯುವ ಹೊತ್ತಿಗೇ ತೊಟ್ಟಿಗೆ ಇಳಿದ. ಹೆಂಡತಿ ಮೇಲೆ ನಿಂತು ಕಲಸಿ ಕಲಸಿ ಬಾಂಡ್ಲಿಯಲ್ಲಿ ಇಳಿಸಿದಳು. ನೀರೂ ಕುಡಿಯದೆ ಬಳಿದ. ಎರಡು ಗೋಡೆ, ಮೂರು ಗೋಡೆ. ಎದುರಿನ ಗೋಡೆಯಂತೂ ಕನ್ನಡಿಯಂತೆ ಬಂತು. ಸುತ್ತಿ ಬಂದು ಶುರುಮಾಡಿದ ಮೂಲೆಗೆ ಮುಟ್ಟಿದಾಗ ಬಿಸಿಲು ಆ ಮೂಲೆಯನ್ನು ಆಗಲೇ ಬಿಳಿಚಿಸಿಬಿಟ್ಟಿತ್ತು. ಉಗುರಿನಲ್ಲಿ ಗೀರಿದ, ಗೀರು ಮೂಡಲಿಲ್ಲ. ಅಂಚನ್ನು ಒರಟು ಮಾಡಿ, ಸಿಮೆಂಟಿನ ಹಾಲು ಬಳಿದು, ಹಸಿಯನ್ನು ಒತ್ತಿ ಒತ್ತಿ ಸೇರಿಸಿ, ಮೂಲೆಯನ್ನು ದುಂಡಗೆ ತೀಡಿದ. ಎದ್ದು ನಿಂತು ನೋಡಿದರೆ ಸಂದು ಎಲ್ಲಿದೆ ಎಂದು ಅವನಿಗೇ ಕಾಣಲಿಲ್ಲ.

ಗಾರೆ ಹದಕ್ಕೆ ಬಂದ ಮೇಲೆ ನೀರು ತುಂಬಿಸಿದರು. ಮರುದಿನ ಬೆಳಿಗ್ಗೆ ಎದೆಯುದ್ದದ ನೀರು ಮೊಣಕಾಲಿಗೆ ಇಳಿದಿತ್ತು. ಹೊರಗಡೆ, ಅದೇ ಮೂಲೆಯಲ್ಲಿ, ಗೋಡೆ ಜ್ವರ ಬಂದವನಂತೆ ಬೆವರುತ್ತಿತ್ತು.

ತೇಪೆ ಹಾಕಿದ. ಮತ್ತೆ ತುಂಬಿಸಿದರು, ಮತ್ತೆ ಇಳಿಯಿತು. ಇನ್ನೊಂದು ತೇಪೆ ಹಾಕಿದ. ಈ ಸಲ ನೀರು ತೇಪೆಯ ಪಕ್ಕದಲ್ಲಿ ದಾರಿ ಮಾಡಿಕೊಂಡಿತು. ದೀಕ್ಷಾಸ್ನಾನಕ್ಕೆ ಗೊತ್ತು ಮಾಡಿದ್ದ ಭಾನುವಾರ ಬಂದು ಹೋಯಿತು. ಪಾಸ್ಟರು, “ಮೇಸ್ತ್ರೀ, ತೊಟ್ಟಿ ಇಲ್ಲದಿದ್ರೆ ಹೊಳೆ ಇದೆ. ದೂರ ಆದ್ರೇನು, ಎಲ್ಲ ಒಟ್ಟಿಗೆ ಹೋಗಿಬರೋಣ,” ಎಂದರು. ತಮ್ಮನ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು, ಎತ್ತದೇ ಹೋದದ್ದು ಕಷ್ಟವಾಯಿತು.

ಅವತ್ತು ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಮೇಸ್ತ್ರಿ ಖಾಲಿ ತೊಟ್ಟಿಯೊಳಗೆ ಇಳಿದು ಮೆಟ್ಟಿಲಿನ ಮೇಲೆ ಕೂತ. ತಟ್ಟಿ ನೋಡಲು ಕೈ ಏಳಲಿಲ್ಲ. ತನ್ನ ಗೋಡೆ ತಟ್ಟಲು ತನಗೇ ಹೆದರಿಕೆಯಾದದ್ದು ಅದೇ ಮೊದಲು. ಗಿರಣಿಯಲ್ಲಿ ತಮ್ಮನ ಮುಖ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದ, ನೆನಪಾಗಲಿಲ್ಲ. ಅವತ್ತು ಅವನು ಗೋಡೆಯನ್ನು ನೋಡಿದ್ದನೇ ಹೊರತು ತಮ್ಮನ ಮುಖ ನೋಡಿರಲೇ ಇಲ್ಲ. ತನ್ನ ಪೊಳ್ಳನ್ನು ತಿಳಿದೂ ಬಿಸಾಡದ ದೇವರ ಹೆಸರಿನ ತೊಟ್ಟಿಯಲ್ಲಿ ಕೂತು ಅದು ಹೊಳೆದಾಗ ಅವನಿಗೆ ತಲೆ ಎತ್ತಲಾಗಲಿಲ್ಲ.

“ಏಳಿ,” ಎಂದಳು ಹೆಂಡತಿ, ಮೇಲಿನಿಂದ. “ಇಬ್ಬರ ಕೆಲಸ ಒಬ್ಬರು ಮಾಡಿದ್ರೆ ಇನ್ನೇನಾಗತ್ತೆ? ಹೊಳೆಗೆ ಬೇಕಾದ್ರೂ ಹೋಗಿ, ಸಮುದ್ರಕ್ಕೆ ಬೇಕಾದ್ರೂ ಹೋಗಿ. ಅವನ ಮನೆ ದಾಟಿಕೊಂಡೇ ಹೋಗಬೇಕು.”

ಮರುದಿನ ಬೆಳಿಗ್ಗೆ ಚಿಕ್ಕ ಮೇಸ್ತ್ರಿ ಶಾಲೆಯ ಹೊಸ ಕೋಣೆಗೆ ಗಾರೆ ಬಳಿಯುತ್ತಿದ್ದ. ಬಾಗಿಲಲ್ಲಿ ಯಾರೋ ನಿಂತದ್ದರಿಂದ ಬೆಳಕು ಕಡಿಮೆಯಾಯಿತು, ತಿರುಗಿ ನೋಡಿದ. ಕೈಯಲ್ಲಿದ್ದ ಗಾರೆ ಜಾರಿ ಬಿತ್ತು. ಕಲಸುತ್ತಿದ್ದ ಅವನ ಹೆಂಡತಿ ಸಲಿಕೆ ಬಿಟ್ಟು ಎದ್ದು ನಿಂತಳು.

“ಬನ್ನಿ ಭಾವ,” ಎಂದಳು. ಅಷ್ಟು ವರ್ಷಗಳ ಮೇಲೆ ಆ ಮಾತು ಅವಳ ಬಾಯಿಂದ ತಾನಾಗಿ ಬಂತು. ಬಂದ ಮೇಲೆ ಗಂಡನ ಮುಖ ನೋಡಿದಳು.

ಮೇಸ್ತ್ರಿ ಒಳಗೆ ಬಂದ. ಎಡಗಡೆಯ ಗೋಡೆ ನಿನ್ನೆಯದು, ಒಣಗಿತ್ತು. ಬೆರಳಗೆಣ್ಣು ತುರಿಸಿತು. ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ. ಅದನ್ನು ತಮ್ಮ ಕಂಡ.

“ಯಾಕಣ್ಣ, ಗೋಡೆ ತಟ್ಟೋಕೆ ಬಂದ್ಯಾ?” ಎಂದ. ಕರಣೆಯ ಹಿಡಿಯನ್ನು ಮುಂದೆ ಚಾಚಿದ. “ತಗೋ. ತಟ್ಟು. ಸುತ್ತಿಗೆ ಬೇಕಾದ್ರೆ ಅಲ್ಲಿದೆ.”

“ಇಲ್ಲ ಕಣೋ. ನನ್ನ ಗೋಡೆ ತಟ್ಟೋಕೆ ನಿನ್ನನ್ನ ಕರೆಯೋಣ ಅಂತ ಬಂದೆ.”

ತಮ್ಮ ಚಾಚಿದ ಕೈಯನ್ನು ಹಾಗೆಯೇ ಹಿಡಿದಿದ್ದ.

“ತೊಟ್ಟಿ ಒಂದು ಕಟ್ಟಿದೆ. ನಿಲ್ತಾ ಇಲ್ಲ.”

“ಊರಿಗೆಲ್ಲ ಗೊತ್ತು. ಗಿರಣಿಯವನು ಹೇಳ್ತಿದ್ದ, ಟಕ್‌ಟಕ್ ಮೇಸ್ತ್ರಿಯ ಪಾಪ ತುಂಬಾ ಭಾರ, ಇಳಿಯೋ ಮುಂಚೆನೇ ನೀರು ಓಡಿಹೋಗ್ತಾ ಇದೆ ಅಂತ.”

ತಮ್ಮನ ಹೆಂಡತಿ ನಗು ತಡೆಯಲು ಮುಖ ತಿರುಗಿಸಿಕೊಂಡಳು. ಮೇಸ್ತ್ರಿಯೂ ನಕ್ಕ, ಅರ್ಧ. “ಸರಿಯಾಗೇ ಹೇಳಿದ್ದಾನೆ,” ಎಂದ.

“ನಿಮ್ಮ ಸಭೆಯಲ್ಲಿ ಅಷ್ಟು ಜನ ಇದ್ದಾರಲ್ಲ. ಪ್ರಾರ್ಥನೆ ಮಾಡಿದ್ರೆ ಸೋರೋದು ನಿಲ್ಲಲ್ವಾ?”

“ಮಾಡಿದ್ವಿ. ಅದಕ್ಕೇ ಇಲ್ಲಿಗೆ ಬಂದೆ.”

ತಮ್ಮ ಕೆಳಗೆ ಬಿದ್ದ ಗಾರೆಯನ್ನು ಕರಣೆಯಲ್ಲಿ ಎತ್ತಿ ಮತ್ತೆ ಹಲಗೆಗೆ ಹಾಕಿಕೊಂಡ. ಗೋಡೆಯ ಕಡೆ ತಿರುಗಿದ. “ಕೆಲಸ ಇದೆ. ನೋಡೋಣ,” ಎಂದ ಬೆನ್ನು ಹಾಕಿಯೇ.

ಭಾನುವಾರ ಪ್ರಾರ್ಥನೆ ಮುಗಿದು ಜನ ಹೊರಗೆ ಬರುವ ಹೊತ್ತಿಗೆ ಚಿಕ್ಕ ಮೇಸ್ತ್ರಿ ತೊಟ್ಟಿಯ ಅಂಚಿನ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದ. ಬೇರೆ ದಿನ ಬರಬಹುದಿತ್ತು. ಎಲ್ಲರೂ ಇರುವ ದಿನವನ್ನೇ ಹುಡುಕಿ ಬಂದಿದ್ದ ಎನ್ನುವುದು ದೊಡ್ಡ ಮೇಸ್ತ್ರಿಗೆ ನೋಡಿದೊಡನೆ ಗೊತ್ತಾಯಿತು. ಪಾಸ್ಟರು ಬಂದು ನಮಸ್ಕರಿಸಿದರು. ಚಿಕ್ಕ ಮೇಸ್ತ್ರಿ ಎದ್ದು, “ಅಯ್ಯನೋರೇ, ನಾನು ಗೋಡೆ ನೋಡೋಕೆ ಮಾತ್ರ ಬಂದಿದ್ದು. ನನ್ನನ್ನ ಹಿಡಿದು ಮುಳುಗಿಸಬೇಡಿ ಮತ್ತೆ,” ಎಂದ. “ನೀರೇ ಇಲ್ಲವಲ್ಲ,” ಎಂದರು ಪಾಸ್ಟರು.

ತಮ್ಮ ತೊಟ್ಟಿಯೊಳಗೆ ಇಳಿದ. ಅಣ್ಣನೂ ಇಳಿದ. ಜನ ಸುತ್ತ ನಿಂತರು.

ಕರಣೆಯ ಮರದ ಹಿಡಿಯಿಂದ ತಮ್ಮ ತಟ್ಟುತ್ತ ಬಂದ. ಟಕ್. ಟಕ್. ಮೂಲೆಗೆ ಬಂದಾಗ, ಡಬ್. ಗುಂಪಿನಲ್ಲಿ ಯಾರೋ ಚ್ ಎಂದರು. ಮೇಸ್ತ್ರಿ ಅಂಚಿನ ಮೇಲಿದ್ದ ತಮ್ಮನ ಚೀಲದಿಂದ ಸುತ್ತಿಗೆ ತೆಗೆದು ಅವನ ಕೈಗೆ ಕೊಟ್ಟ.

“ಒಡಿ,” ಎಂದ.

ತಮ್ಮ ಒಡೆದ. ತೇಪೆಯ ಮೇಲಿನ ತೇಪೆ ಚಕ್ಕೆಚಕ್ಕೆಯಾಗಿ ಬಿತ್ತು. ಮೇಸ್ತ್ರಿ ಬಾಂಡ್ಲಿ ತಂದು ಚೂರು ತುಂಬಿ, ತಲೆಯ ಮೇಲಿಟ್ಟು, ಮೆಟ್ಟಿಲು ಹತ್ತಿ ಹೊರಗೆ ಸುರಿದು ಬಂದ. ಕೂಲಿಯಾಳು ಹೊರುವ ಬಾಂಡ್ಲಿಯನ್ನು ಜೀವಮಾನದಲ್ಲಿ ಅವನ ತಲೆಯ ಮೇಲೆ ಕಂಡವರು ಯಾರೂ ಇರಲಿಲ್ಲ.

ಅವನು ತಿರುಗಿ ಬರುವಷ್ಟರಲ್ಲಿ ತಮ್ಮ ಎದುರಿನ ಗೋಡೆಯ ಮುಂದೆ ನಿಂತಿದ್ದ, ಕನ್ನಡಿಯಂತೆ ಬಂದಿದ್ದ ಗೋಡೆ. ತಟ್ಟಿದ. ಟಕ್ ಎಂದಿತು. ಗಟ್ಟಿ, ತುಂಬಿದ ಸದ್ದು.

“ಇಲ್ಲೂ ಪೊಳ್ಳು,” ಎಂದ ತಮ್ಮ, ಎಲ್ಲರಿಗೂ ಕೇಳುವಂತೆ.

ಮೇಸ್ತ್ರಿಯ ಮಾತು ಹಲ್ಲಿನವರೆಗೆ ಬಂತು. ಊರಲ್ಲಿ ಯಾರ ಕಿವಿ ಮೋಸ ಹೋದರೂ ಅವನದು ಹೋಗುವುದಿಲ್ಲ. ಪೊಳ್ಳಲ್ಲ ಅದು. ಕುರುಡನೂ ಹೇಳಿಯಾನು. ತಮ್ಮ ಅವನ ಮುಖವನ್ನೇ ನೋಡುತ್ತಿದ್ದ, ಸುತ್ತಿಗೆ ಎತ್ತಿ ಹಿಡಿದು. ಕಾಯುತ್ತಿದ್ದ. ಈ ಸಲ ಮೇಸ್ತ್ರಿ ಗೋಡೆಯನ್ನು ನೋಡಲಿಲ್ಲ, ತಮ್ಮನ ಮುಖವನ್ನು ನೋಡಿದ. ಕಣ್ಣ ಸುತ್ತ ಸುಕ್ಕು ಬಿದ್ದಿತ್ತು. ಇವನಿಗೂ ವಯಸ್ಸಾಗಿದೆಯಲ್ಲ ಎನ್ನಿಸಿತು.

“ಹೂಂ,” ಎಂದ.

ಸುತ್ತಿಗೆ ಬಿತ್ತು. ಗಟ್ಟಿ ಗಾರೆ ಸುಲಭಕ್ಕೆ ಬರಲಿಲ್ಲ; ಕಿಡಿ ಹಾರಿತು. ಎರಡನೇ ಏಟಿಗೆ ಅಂಗೈಯಷ್ಟು ಚೂರು ಇಟ್ಟಿಗೆಯ ತೊಗಟೆಯನ್ನೂ ಕಿತ್ತುಕೊಂಡು ಬಂತು. ಮೇಸ್ತ್ರಿ ಬಾಗಿ ಅದನ್ನು ಹೆಕ್ಕಿ ಬಾಂಡ್ಲಿಗೆ ಹಾಕಿದ. ಮೂರನೇ ಏಟು ಬೀಳಲಿಲ್ಲ.

ತಮ್ಮ ಸುತ್ತಿಗೆಯನ್ನು ಕೆಳಗಿಟ್ಟು ಮೆಟ್ಟಿಲಿನ ಮೇಲೆ ಕೂತ. ಮೆಲ್ಲಗೆ, ಮೇಲಿನವರಿಗೆ ಕೇಳದಂತೆ, “ಅದು ಗಟ್ಟಿ ಇತ್ತಲ್ಲಣ್ಣ,” ಎಂದ.

“ಇತ್ತು.”

“ಯಾಕೆ ಸುಮ್ಮನಿದ್ದೆ?”

ಮೇಸ್ತ್ರಿ ಪಕ್ಕದಲ್ಲಿ ಕೂತ. ಪಾಠದಲ್ಲಿ ಕಲಿತ ಉತ್ತರ ಯಾವುದೂ ಇದಕ್ಕೆ ಹೊಂದಲಿಲ್ಲ. “ಗೊತ್ತಿಲ್ಲ ಕಣೋ,” ಎಂದ. “ಗೋಡೆ ಹೋದ್ರೆ ಮತ್ತೆ ಬಳೀಬಹುದು ಅನ್ನಿಸ್ತು.”

ತಮ್ಮ ಕಾಲಬೆರಳಲ್ಲಿ ಪುಡಿಯನ್ನು ಕೆದಕಿದ. “ಗಿರಣಿ ಗೋಡೆ ಪೊಳ್ಳಿತ್ತಣ್ಣ. ಬಳಿಯುವಾಗಲೇ ನಂಗೊತ್ತಿತ್ತು. ಅವತ್ತು ಸಂಜೆ ಮನೆಗೆ ಹೋಗ್ತಾ ಹೇಳಿದ್ದಿದ್ರೆ ರಾತ್ರಿಯೆಲ್ಲ ಕೂತು ನಾನೇ ಕೆತ್ತಿ ಹಾಕ್ತಿದ್ದೆ. ಅವಳು ಅವತ್ತೇ ಮೊದಲ ಸಲ ನಂಗೆ ಬುತ್ತಿ ತಂದಿದ್ದಳು.”

“ಸಂಜೆ ಹೇಳಬಹುದಿತ್ತು,” ಎಂದ ಮೇಸ್ತ್ರಿ. ಮತ್ತೊಂದು ಸಲ, “ಹೇಳಬಹುದಿತ್ತು ಕಣೋ. ನಾನು ಮಾಡಿದ್ದು ತಪ್ಪು,” ಎಂದ.

ಮೇಲೆ ನಿಂತಿದ್ದ ಜನ ಏನಾಗುತ್ತಿದೆ ಎಂದು ತಿಳಿಯದೆ ಒಬ್ಬೊಬ್ಬರಾಗಿ ಊಟಕ್ಕೆ ಹೊರಟರು.

“ಈಗ ಮೂಲೆ ಒಂದು ಮಾಡಿದ್ರೆ ಸಾಕು,” ಎಂದ ತಮ್ಮ ಮೂಗು ಒರೆಸಿಕೊಂಡು. “ಇಲ್ಲಿ ನಾನು ಕಿತ್ತಿದ್ದನ್ನ ತುಂಬಿಕೊಡ್ತೀನಿ.”

“ಬೇಡ. ಮೂಲೆ ಮಾತ್ರ ತೆಗೆದ್ರೆ ಮತ್ತೆ ಒಣಗಿದ್ದಕ್ಕೆ ಹಸಿ ಸೇರಿಸಬೇಕು. ಮತ್ತೆ ಸೋರತ್ತೆ.” ಮೇಸ್ತ್ರಿ ಎದ್ದ. ಈ ಮಾತು ಮೊದಲ ತೇಪೆಯ ದಿನವೇ ಅವನಿಗೆ ಗೊತ್ತಿತ್ತು. ಕನ್ನಡಿಯಂಥ ಗೋಡೆಯ ಮೇಲಿನ ಆಸೆಗೆ ಒಪ್ಪಿರಲಿಲ್ಲ. “ಪೂರ್ತಿ ತೆಗಿಯೋಣ. ಆ ಕಡೆ ಇನ್ನೊಂದು ಸುತ್ತಿಗೆ ಇದೆ, ಕೊಡು.”

ಗಾರೆಯ ದಿನ ಇಬ್ಬರ ಹೆಂಡತಿಯರೂ ಸೆರಗು ಕಟ್ಟಿ ಮೇಲೆ ನಿಂತು ಕಲಸಿದರು. ಅಷ್ಟು ವರ್ಷದ ಮಾತು ಬಾಕಿ ಇತ್ತೋ ಏನೋ, ಕಲಸುವುದಕ್ಕಿಂತ ಮಾತೇ ಹೆಚ್ಚಾಗಿ, “ಅಲ್ಲ ನೀವು ಗಾರೆ ಕಳಿಸ್ತೀರೋ ಸಮಾಚಾರ ಕಳಿಸ್ತೀರೋ?” ಎಂದು ಕೆಳಗಿನಿಂದ ತಮ್ಮ ಕೂಗಬೇಕಾಯಿತು. ಅಣ್ಣತಮ್ಮ ಒಂದೇ ಮೂಲೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಶುರುಮಾಡಿದರು. ತಮ್ಮನ ಕೈ ಈಗ ಅಣ್ಣನದಕ್ಕಿಂತ ಚುರುಕಾಗಿತ್ತು. ಮೇಸ್ತ್ರಿ ಅದನ್ನು ನೋಡಿಯೂ ನೋಡದಂತೆ ಬಳಿದ. ಆಮೇಲೆ ಯಾಕೆ ನೋಡದಂತೆ ಎಂದುಕೊಂಡು, “ಕೈ ಚೆನ್ನಾಗಿ ಓಡತ್ತೆ ನಿನ್ನದು,” ಎಂದ. ತಮ್ಮ ಕೇಳಿಸದವನಂತೆ ಬಾಂಡ್ಲಿ ಎಳೆದುಕೊಂಡ. ಕಿವಿ ಮಾತ್ರ ಕೆಂಪಾಯಿತು. ಎದುರಿನ ಮೂಲೆಯಲ್ಲಿ ಎರಡು ಕರಣೆ ತಾಗಿದಾಗ ಗಾರೆ ಎರಡೂ ಕಡೆ ಹಸಿಯಾಗಿತ್ತು. ಕಿಣ್ ಎಂದಿತು. ಅಪ್ಪನ ಮಾತನ್ನು ಇಬ್ಬರೂ ಹೇಳಲಿಲ್ಲ, ಇಬ್ಬರಿಗೂ ಕೇಳಿಸಿತು.

ಗಾರೆ ನೀರು ಕುಡಿದು ಗಟ್ಟಿಯಾಗುವವರೆಗೆ ಕಾದು, ಒಂದು ಭಾನುವಾರ ತೊಟ್ಟಿ ತುಂಬಿಸಿದರು. ಪಾಸ್ಟರು ಬಿಳಿ ಅಂಗಿಯಲ್ಲಿ ಇಳಿದರು. ಹಿಂದೆ ಮೇಸ್ತ್ರಿ ಇಳಿದ. ನೀರು ತಣ್ಣಗಿತ್ತು, ಎದೆಗೆ ಬರುವಾಗ ಉಸಿರು ಸಿಕ್ಕಿಕೊಂಡಿತು. ಪಾಸ್ಟರು ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳಿದ. ಗೊತ್ತಿದ್ದ ಉತ್ತರಗಳೇ, ಆದರೆ ಈ ಸಲ ಹೇಳಿ ಹುಬ್ಬೇರಿಸಲಿಲ್ಲ, ಸರಿಯೇ ಎಂದು ಕೇಳಲಿಲ್ಲ. ಪಾಸ್ಟರ ಕೈ ಬೆನ್ನಿಗೆ ಬಂತು. ಹಿಂದಕ್ಕೆ ವಾಲಿದ. ನೀರು ಮುಖದ ಮೇಲೆ ಮುಚ್ಚಿಕೊಂಡಿತು.

ಒಳಗೆ ಎಲ್ಲ ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದದಲ್ಲಿ ಎಲ್ಲಿಂದಲೋ, ಗೋಡೆಯ ಆಚೆಯಿಂದ, ಅವನಿಗೆ ಕೇಳಿಸಿತು: ಟಕ್. ಟಕ್. ಟಕ್.

ಮೇಲೆದ್ದು ಕಣ್ಣ ನೀರು ಒರೆಸಿಕೊಂಡು ನೋಡಿದ. ಎಲ್ಲರೂ ಹಾಡುತ್ತಿದ್ದರು. ಹೆಂಡತಿ ಟವೆಲ್ಲು ಹಿಡಿದು ಅಳುತ್ತ ನಗುತ್ತಿದ್ದಳು. ಅವರೆಲ್ಲರ ಆಚೆ, ತೊಟ್ಟಿಯ ಹೊರಮೂಲೆಯಲ್ಲಿ ತಮ್ಮ ಕುಕ್ಕರುಗಾಲಿನಲ್ಲಿ ಕೂತು, ಕರಣೆಯ ಹಿಡಿಯಿಂದ ತಟ್ಟಿ, ಅಂಗೈಯನ್ನು ಗೋಡೆಗೆ ಒತ್ತಿ ನೋಡುತ್ತಿದ್ದ. ತಲೆಯೆತ್ತಿ ಅಣ್ಣನನ್ನು ಕಂಡು ಒದ್ದೆಯಾಗದ ಅಂಗೈಯನ್ನು ಎತ್ತಿ ತೋರಿಸಿದ.

“ಹನಿ ಇಲ್ಲಣ್ಣ,” ಎಂದ ಹಾಡಿನ ಮಧ್ಯೆಯೇ. “ಮೇಲೆ ಬಾ. ನೆಗಡಿ ಆಗತ್ತೆ.”